ಮೊದಲು ಕಿಟಕಿ, ಆಮೇಲೆ ನಕ್ಷೆ: ಹುಲ್ಲಿನ ಬೇಲ್‌ನಲ್ಲಿ ಕಟ್ಟಿದ ವರ್ಕ್‌ಶಾಪ್

ನನ್ನ ವರ್ಕ್‌ಶಾಪ್ ಶುರುವಾಗಿದ್ದು ನಾಲ್ಕು ಕಿಟಕಿಗಳಿಂದ. ಹಳೇ ಕಟ್ಟಡವೊಂದನ್ನು ಕೆಡವುತ್ತಿದ್ದರು. ಕಿತ್ತ ಕಿಟಕಿಗಳನ್ನು ಬೇಲಿಗೆ ಒರಗಿಸಿ ಇಟ್ಟಿದ್ದರು. ಬಣ್ಣ ಹೋಗಿತ್ತು, ಒಂದರ ಗಾಜು ಒಡೆದಿತ್ತು. ಆದರೆ ಮರ ಗಟ್ಟಿಯಾಗಿತ್ತು. ಕೇಳಿದೆ, ತಗೊಂಡು ಹೋಗಿ ಅಂದರು. ಮನೆಗೆ ತಂದು ಇಟ್ಟ ಮೇಲೆ ಅವಕ್ಕೊಂದು ಗೋಡೆ ಬೇಕು ಅನ್ನಿಸಿತು.

ನನಗೆ ಮರಗೆಲಸದ ಹುಚ್ಚು. ಅಲ್ಲಿಯವರೆಗೂ ಟಾರ್ಪಾಲಿನ ಕೆಳಗೆ ಕೆಲಸ ಮಾಡುತ್ತಿದ್ದೆ. ಉಳಿಗಳಿಗೆ ತುಕ್ಕು ಹಿಡಿಯುತ್ತಿತ್ತು. ಯಂತ್ರದ ಗರಗಸ ಓಡಿಸಿದರೆ ಅಕ್ಕಪಕ್ಕದವರಿಗೆ ತೊಂದರೆ. ಹಾಗಾಗಿ ಕಡಿಮೆ ಖರ್ಚಿನ, ಸದ್ದು ಹೊರಗೆ ಬಿಡದ, ಒಳಗೆ ತೇವ ಇರದ ಒಂದು ಕೋಣೆ ಬೇಕಿತ್ತು. ಪರಿಚಯದ ರೈತರೊಬ್ಬರು ಗೋಧಿ ಕೊಯ್ದ ಮೇಲೆ ಹುಲ್ಲನ್ನು ಯಂತ್ರದಲ್ಲಿ ಒತ್ತಿ ಚೌಕಾಕಾರದ ಬೇಲ್ ಮಾಡಿಸುತ್ತಾರೆ. ಆ ಬೇಲ್‌ಗಳನ್ನೇ ದೊಡ್ಡ ಇಟ್ಟಿಗೆ ತರಹ ಜೋಡಿಸಿ ಗೋಡೆ ಕಟ್ಟಬಹುದು ಅಂತ ಮೊದಲೇ ಓದಿದ್ದೆ.

ಓದಿದ್ದನ್ನು ಮನೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಗುವಂಥದ್ದೇನೂ ಇಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ ಮರಳುಗುಡ್ಡಗಳ ಒಂದು ಪ್ರದೇಶ ಇದೆ. ಅಲ್ಲಿ ನೆಲೆಸಲು ಹೋದವರಿಗೆ ಕಟ್ಟಲು ಮರ ಸಿಗಲಿಲ್ಲ, ಮಣ್ಣು ಸಡಿಲ. ಇದ್ದದ್ದು ಹುಲ್ಲು ಮತ್ತು ಹೊಸದಾಗಿ ಬಂದಿದ್ದ ಬೇಲ್ ಒತ್ತುವ ಯಂತ್ರ. 19ನೇ ಶತಮಾನದ ಕೊನೆಯ ಹೊತ್ತಿಗೆ ಅವರು ಬೇಲ್‌ಗಳಲ್ಲೇ ಮನೆ ಕಟ್ಟತೊಡಗಿದರು. ಅಲ್ಲಿನ ಆರ್ಥರ್ ಎಂಬ ಊರಲ್ಲಿ 1928ರಲ್ಲಿ ಕಟ್ಟಿದ ಬೇಲ್ ಚರ್ಚ್ ಈಗಲೂ ನಿಂತಿದೆ. ಫ್ರಾನ್ಸಿನ ಮೊಂಟಾರ್ಜಿಯಲ್ಲಿ 1920ರ ಫ್ಯೂಯೆಟ್ ಮನೆ ಇದೆ, ಮರದ ಚೌಕಟ್ಟಿನ ನಡುವೆ ಹುಲ್ಲು ತುಂಬಿದ್ದು. ನೂರು ವರ್ಷ ದಾಟಿದೆ. ಇದನ್ನೆಲ್ಲ ಹೇಳಿದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು. ಗಿಲಾವು ಮಾಡದೆ, ಬೇಲಿ ಹಾಕದೆ ಬಿಟ್ಟಿದ್ದ ನೆಬ್ರಾಸ್ಕದ ಒಂದು ಬೇಲ್ ಶಾಲೆಯನ್ನು ದನಗಳು ತಿಂದು ಹಾಕಿದವು ಅನ್ನುವ ಕಥೆಯನ್ನು ಮಾತ್ರ ನಾನು ಹೇಳಲಿಲ್ಲ.

ಹುಲ್ಲು ಅಂದರೆ ಯಾವ ಹುಲ್ಲು ಅಂತ ಇಲ್ಲೇ ಹೇಳಿಬಿಡುತ್ತೇನೆ. ಕಾಳು ಉದುರಿಸಿದ ಮೇಲೆ ಉಳಿಯುವ ಒಣ ಕಡ್ಡಿ ಬೇಕು. ಗೋಧಿಯದ್ದು, ಭತ್ತದ್ದು, ಬಾರ್ಲಿಯದ್ದು, ಯಾವುದಾದರೂ ಸರಿ. ದನಕ್ಕೆ ಅಂತಲೇ ಎಲೆ ಸಮೇತ ಕೊಯ್ದು ಒಣಗಿಸಿದ ಮೇವು ಬೇಡ. ಅದರಲ್ಲಿ ಎಲೆ, ಬೀಜ ಇರುತ್ತೆ. ಇಲಿಗೂ ಇಷ್ಟ, ಬೂಷ್ಟಿಗೂ ಇಷ್ಟ.

ಮೊದಲ ನಕ್ಷೆಯನ್ನು ಒಂದೇ ಸಂಜೆಯಲ್ಲಿ ಬರೆದೆ. 18 ಅಡಿ ಉದ್ದ, 12 ಅಡಿ ಅಗಲದ ಆಯತ. ಗೋಡೆ ಅಂತ ಒಂದೇ ಒಂದು ಗೆರೆ. ಮಾರನೇ ದಿನ ಕುಳಿತು ಗೋಡೆಯ ದಪ್ಪ ಹಾಕಿದೆ. ಬೇಲ್ ಸುಮಾರು 3 ಅಡಿ ಉದ್ದ, 18 ಇಂಚು ಅಗಲ, 14 ಇಂಚು ಎತ್ತರ. ಅಡ್ಡ ಮಲಗಿಸಿ ಜೋಡಿಸಿದರೆ ಗೋಡೆ ಒಂದೂವರೆ ಅಡಿ ದಪ್ಪ. ಎರಡೂ ಕಡೆಯಿಂದ ಕಳೆದರೆ ಒಳಗೆ ಉಳಿದದ್ದು 15ಕ್ಕೆ 9 ಅಡಿ. ಅದರಲ್ಲಿ ಮೇಜು ಇಟ್ಟು, ಗರಗಸ ಇಟ್ಟು, 8 ಅಡಿಯ ಪ್ಲೈವುಡ್ ಹಾಳೆ ತಿರುಗಿಸೋದು ಹೇಗೆ? ಕಾಗದ ಹರಿದೆ.

ಒಳಗೆ 18ಕ್ಕೆ 12 ಸಿಗಬೇಕಾದರೆ ಹೊರಗೆ 21ಕ್ಕೆ 15 ಬೇಕು. ಅಂದರೆ 315 ಚದರಡಿ ಜಾಗದಲ್ಲಿ ನನಗೆ ಸಿಗೋದು 216. ಉಳಿದ 99 ಚದರಡಿಯನ್ನು ಗೋಡೆಯೇ ತಿನ್ನುತ್ತೆ, ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಇಷ್ಟಕ್ಕೇ ಮುಗಿಯಲಿಲ್ಲ. ಹುಲ್ಲಿನ ಗೋಡೆಗೆ ಸೂರು ಅಗಲವಾಗಿ ಚಾಚಿರಬೇಕು, ಸುತ್ತಲೂ ಕನಿಷ್ಠ 2 ಅಡಿ. ಆಗ ಮಾಡು, ಅಂದರೆ ಛಾವಣಿ, 25ಕ್ಕೆ 19 ಆಯಿತು. 475 ಚದರಡಿ, ಇಳಿಜಾರಿನ ಲೆಕ್ಕ ಬೇರೆ. 216 ಚದರಡಿ ಕೋಣೆಗೆ ಅದರ ಎರಡರಷ್ಟಕ್ಕಿಂತ ದೊಡ್ಡ ಟೋಪಿ!

ಹುಲ್ಲು ಅಗ್ಗ, ಆದ್ದರಿಂದ ಕಟ್ಟಡವೂ ಅಗ್ಗ ಅಂದುಕೊಂಡಿದ್ದವನ ಲೆಕ್ಕ ಅಲ್ಲೇ ತಲೆಕೆಳಗಾಯಿತು. ಗೋಡೆ ಅಗ್ಗ, ನಿಜ. ಆದರೆ ಹುಲ್ಲಿನ ಗೋಡೆ ಕೆಳಗೆ ಎತ್ತರದ ಪಾಯ ಕೇಳುತ್ತೆ, ಮೇಲೆ ಅಗಲದ ಮಾಡು ಕೇಳುತ್ತೆ. ದುಡ್ಡು ಹೋಗೋದು ಆ ಎರಡಕ್ಕೆ. ಹಾಗಾಗಿ ಹಳೇ ಸಾಮಾನು ಹುಡುಕುವುದಾದರೆ ಗೋಡೆಗಲ್ಲ, ಇವೆರಡಕ್ಕೆ ಹುಡುಕಬೇಕು. ಇಷ್ಟು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಎರಡನೇ ನಕ್ಷೆಯಲ್ಲಿ ಕಂಬಗಳೇ ಇರಲಿಲ್ಲ. ನೆಬ್ರಾಸ್ಕದವರ ಹಾಗೆ ಬೇಲ್ ಗೋಡೆಯ ಮೇಲೇ ಮಾಡಿನ ಭಾರ ಕೂರಿಸುವ ಯೋಚನೆ. ಮರ ಉಳಿಯುತ್ತೆ ಅಲ್ವಾ ಅಂತ. ಪಾಯದ ಬಗ್ಗೆ ಕೇಳೋಣ ಅಂತ ಹಿರಿಯ ಮೇಸ್ತ್ರಿಯೊಬ್ಬರಿಗೆ ಅದನ್ನು ತೋರಿಸಿದೆ. ಅವರು ಹುಲ್ಲಿನ ಗೋಡೆಯನ್ನು ಜನ್ಮದಲ್ಲಿ ಕಂಡವರಲ್ಲ. ಕಾಗದವನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ಮಾಡು ಯಾವಾಗ ಹಾಕ್ತೀರಿ?"

"ಗೋಡೆ ಎದ್ದ ಮೇಲೆ."

"ಅಲ್ಲಿವರೆಗೂ ಮಳೆ ಬರಲ್ಲ ಅಂತ ಯಾರಾದ್ರೂ ಬರೆದುಕೊಟ್ಟಿದ್ದಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಲ್ಲು ಗೊತ್ತಿಲ್ಲದಿದ್ದರೂ ನೀರು ಅವರಿಗೆ ಚೆನ್ನಾಗಿ ಗೊತ್ತಿತ್ತು. ಭಾರ ಹೊರುವ ಬೇಲ್ ಗೋಡೆಗೆ ಬೇರೆ ಕಟ್ಟುಪಾಡುಗಳೂ ಇವೆ. ಮಾಡಿನ ಭಾರ ಬಿದ್ದ ಮೇಲೆ ಗೋಡೆ ಕುಗ್ಗುತ್ತೆ. ಕುಗ್ಗಿ ನಿಲ್ಲುವವರೆಗೆ ಗಿಲಾವು ಮಾಡುವಂತಿಲ್ಲ. ಕಿಟಕಿಗಳು ಚಿಕ್ಕದಾಗಿರಬೇಕು, ಮೂಲೆಯಿಂದ ದೂರ ಇರಬೇಕು. ನನ್ನ ಕಿಟಕಿಗಳೋ 3 ಅಡಿ ಅಗಲ, 4 ಅಡಿ ಎತ್ತರ. ಎರಡನೇ ಕಾಗದವನ್ನೂ ಹರಿದೆ.

ಆಮೇಲೆ ನಕ್ಷೆಯ ಗೋಜಿಗೇ ಹೋಗಲಿಲ್ಲ. ಸುಮ್ನೆ ಸಾಮಾನು ಸೇರಿಸಿದೆ. ಹೊಸ ಸಾಮಾನಿನಲ್ಲಿ ಕಟ್ಟುವವರು ನಕ್ಷೆ ಬರೆದು ಸಾಮಾನು ತರುತ್ತಾರೆ. ಹಳೇದರಲ್ಲಿ ಕಟ್ಟುವಾಗ ಅದು ಉಲ್ಟಾ. ಸಿಕ್ಕಿದ ತೊಲೆ ಎಷ್ಟುದ್ದ ಇದೆಯೋ ಕಂಬಗಳ ನಡುವೆ ಅಷ್ಟೇ ಅಂತರ. ಸಿಕ್ಕಿದ ಶೀಟಿನ ಉದ್ದವೇ ಮಾಡಿನ ಇಳಿಜಾರು.

ಕಂಬ, ತೊಲೆಗಳು ಹಳೇ ಮನೆಯೊಂದರಿಂದ ಬಂದವು. ಕೊಳ್ಳುವ ಮುಂಚೆ ಒಂದೊಂದನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದೆ, ಅದರಲ್ಲೂ ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು. ತೊಲೆ ಕೊಳೆಯೋದು ಅಲ್ಲಿಂದಲೇ. ಸಣ್ಣ ತೂತು ಇದ್ದು, ತಟ್ಟಿದಾಗ ಹಿಟ್ಟು ಉದುರಿದರೆ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಅಂಥ ಎರಡನ್ನು ಬಿಟ್ಟು ಬಂದೆ. ಮೊಳೆಗಳದ್ದು ಇನ್ನೊಂದು ಕಥೆ. ಒಂದು ತೊಲೆಯಿಂದ 31 ಮೊಳೆ ಕಿತ್ತೆ, ಆದರೂ 32ನೆಯದು ಗರಗಸದ ಬ್ಲೇಡಿಗೇ ಸಿಕ್ಕಿತು. ಆ ಬ್ಲೇಡ್ ಆವತ್ತೇ ಹೋಯಿತು. ಅವತ್ತಿನಿಂದ ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ ಮರದುದ್ದಕ್ಕೂ ಎಳೆದು ನೋಡದೆ ಕೊಯ್ಯುವುದಿಲ್ಲ.

ಬಿಟ್ಟಿ ಸಿಕ್ಕಿದ್ದೆಲ್ಲ ತರಬಾರದು. ಬೂದು ಬಣ್ಣದ ಹಳೇ ಸಿಮೆಂಟ್ ಶೀಟುಗಳ ರಾಶಿಯನ್ನೇ ಕೊಡುತ್ತೇವೆ ಅಂದರು. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಕೊಯ್ದರೆ, ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯ. ಮುಟ್ಟಲಿಲ್ಲ. ರೈಲು ಹಳಿಯ ಹಳೇ ಮರದ ಸ್ಲೀಪರ್‌ಗಳಿಗೆ ಕೊಳೆಯದಿರಲಿ ಅಂತ ಕ್ರಿಯೋಸೋಟ್ ಅನ್ನುವ ವಿಷದ ಎಣ್ಣೆ ಬಳಿದಿರುತ್ತಾರೆ, ಕೋಣೆಯೊಳಗೆ ಬೇಡ. ಸಾಮಾನು ಸಾಗಿಸುವ ಮರದ ಪ್ಯಾಲೆಟ್‌ಗಳ ಮೇಲೆ ಒಂದು ಮುದ್ರೆ ಇರುತ್ತೆ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದಿದ್ದು, ಬಳಸಬಹುದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು. ಅದನ್ನು ಅಲ್ಲೇ ಬಿಟ್ಟುಬಿಡಿ. ಕಿಟಕಿಗಳ ಹಳೇ ಬಣ್ಣದಲ್ಲಿ ಸೀಸ ಇರಬಹುದು ಅಂತ ಒಣಗಿದ್ದಾಗ ಉಜ್ಜಲಿಲ್ಲ, ನೀರು ಹಾಕಿ ಹೆರೆದೆ.

ಮಾಡಿಗೆ ಸಿಕ್ಕಿದ್ದು ಯಾವುದೋ ಗೋದಾಮಿನ ಮೇಲಿದ್ದ ತಗಡಿನ ಶೀಟುಗಳು. ಒಂದೊಂದನ್ನೂ ಬಿಸಿಲಿಗೆ ಎತ್ತಿ ಹಿಡಿದು ಕೆಳಗಿನಿಂದ ನೋಡಿದೆ. ನಕ್ಷತ್ರ ಕಾಣುತ್ತಿತ್ತು. ಮೊಳೆಯ ತೂತು ಅಲೆಯ ದಿಬ್ಬದ ಮೇಲಿದ್ದರೆ ಪರವಾಗಿಲ್ಲ, ಅಂಟುಪಟ್ಟಿ ಹಾಕಿ ಮುಚ್ಚಬಹುದು. ನೀರು ಹರಿಯುವ ತಗ್ಗಿನಲ್ಲಿದ್ದರೆ ಆ ಶೀಟು ಮಾಡಿಗೆ ಬೇಡ. ಅಂಥವನ್ನು ಬೇರೆ ಇಟ್ಟುಕೊಂಡೆ, ಆಮೇಲೆ ಸೌದೆ ಮುಚ್ಚಲು ಆದವು. ಸ್ಕ್ರೂ, ರಬ್ಬರ್ ವಾಷರ್ ಮಾತ್ರ ಹೊಸದು ತಂದೆ. ಅದರಲ್ಲಿ ಉಳಿಸಲು ಹೋದರೆ ಕೆಳಗಿನ ಹುಲ್ಲು ಹೋಗುತ್ತೆ.

ಇಷ್ಟಾದ ಮೇಲೆ ಮೂರನೇ ನಕ್ಷೆ ತಾನಾಗಿಯೇ ಬಂತು. ತೊಲೆಗಳು 10, 11 ಅಡಿ ಇದ್ದವು. ಹಾಗಾಗಿ 18 ಅಡಿಯನ್ನು ಎರಡು 9 ಮಾಡಿದೆ. ಒಟ್ಟು ಎಂಟು ಕಂಬ. ಕಂಬಗಳನ್ನು ಗೋಡೆಯೊಳಗೆ ಹೂತರೆ ಪ್ರತಿ ಬೇಲನ್ನೂ ಕೆತ್ತಬೇಕು. ಅದಕ್ಕೆ ಕಂಬಗಳನ್ನು ಒಳಗಡೆ ನಿಲ್ಲಿಸಿ, ಬೇಲ್ ಗೋಡೆಯನ್ನು ಅವುಗಳ ಹೊರಗೆ ಸುತ್ತಿಸಿದೆ. ಇದರಿಂದ ಇನ್ನೊಂದು ಲಾಭ. ಹುಲ್ಲಿನ ಗೋಡೆಗೆ ಮೊಳೆ ಹೊಡೆದು ಏನನ್ನೂ ನೇತುಹಾಕಲು ಆಗುವುದಿಲ್ಲ. ವರ್ಕ್‌ಶಾಪ್ ಅಂದಮೇಲೆ ಗೋಡೆ ತುಂಬ ನೇತುಹಾಕುವುದೇ ಕೆಲಸ. ಈಗ ಕಂಬದಿಂದ ಕಂಬಕ್ಕೆ ಹಲಗೆ ಹೊಡೆದರೆ ಆಯಿತು. ಮಧ್ಯೆ ಎಲ್ಲಿ ಸ್ವಿಚ್, ಎಲ್ಲಿ ಕಪಾಟು ಅಂತ ಮೊದಲೇ ಗುರುತು ಮಾಡಿ, ಬೇಲ್‌ಗಳ ಸಂದಿಯಲ್ಲಿ ಮರದ ತುಂಡುಗಳನ್ನು ಸೇರಿಸಿದೆ. ಗಿಲಾವು ಆದ ಮೇಲೆ ನೆನಪಾದ ಮೂರು ಜಾಗಗಳಿಗೆ ಇವತ್ತಿಗೂ ಏನೂ ಇಲ್ಲ.

ಬೇಲ್ ಲೆಕ್ಕ ಹೀಗೆ ಹಾಕಿದೆ. ಗೋಡೆಯ ನಡುಗೆರೆ ಹಿಡಿದು ಸುತ್ತಳತೆ 66 ಅಡಿ. 3 ಅಡಿಗೊಂದರಂತೆ ಒಂದು ಸಾಲಿಗೆ 22. ಏಳು ಸಾಲಿಗೆ 154, ಎತ್ತರ 8 ಅಡಿ ಚಿಲ್ಲರೆ. ಬಾಗಿಲು, ನಾಲ್ಕು ಕಿಟಕಿಯ ಜಾಗಕ್ಕೆ 22 ಕಳೆದರೆ 132. ಒಡೆಯುವುದು, ಅರ್ಧ ಮಾಡುವುದು, ಎಲ್ಲ ಸೇರಿ 150 ಹೇಳಿದೆ. ರೈತರ ಹೊಲದಲ್ಲೇ ಹತ್ತು ಬೇಲ್‌ಗಳನ್ನು ಸಾಲಾಗಿ ಇಟ್ಟು ಟೇಪು ಹಿಡಿದೆ. 29 ಅಡಿ 2 ಇಂಚು ಬಂತು. ಅಂದರೆ ಒಂದೊಂದು 35 ಇಂಚು, 36 ಅಲ್ಲ. ಒಂದು ಇಂಚು ತಾನೇ ಅನ್ನಬೇಡಿ. ಒಂದು ಸುತ್ತಿಗೆ ಅದು ಅರ್ಧ ಬೇಲ್‌ಗಿಂತ ಜಾಸ್ತಿ ಆಗುತ್ತೆ. ಒಂದೇ ಬೇಲ್ ಅಳೆದು ಲೆಕ್ಕ ಹಾಕಬೇಡಿ.

ಪಾಯಕ್ಕೆ ಕಂದಕ ತೋಡಿ ಜಲ್ಲಿ ತುಂಬಿ ಗುದ್ದಿದೆವು. ನೀರು ಬಂದರೆ ಕೆಳಗೆ ಬಸಿದು ಹೋಗಬೇಕು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕೂಡ ಇಂಥ ಪಾಯವನ್ನು ಬಳಸುತ್ತಿದ್ದರು, ಹಾಗಾಗಿ ಇದು ಬಡವರ ಉಪಾಯ ಮಾತ್ರ ಅಲ್ಲ. ಅದರ ಮೇಲೆ ಯಾರೋ ಅಂಗಳ ಕಿತ್ತಾಗ ಬಂದಿದ್ದ ಕಾಂಕ್ರೀಟ್ ಚಪ್ಪಡಿಯ ತುಂಡುಗಳನ್ನು ಕಲ್ಲಿನ ಹಾಗೆ ಕಟ್ಟಿದೆವು. ನೆಲದಿಂದ ಒಂದೂವರೆ ಅಡಿ. ಸೂರಿನಿಂದ ಬಿದ್ದ ನೀರು ಸಿಡಿದರೂ ಹುಲ್ಲಿಗೆ ತಾಗಬಾರದು. ಅದರ ಮೇಲೆ ತೇವ ತಡೆಯುವ ಹಾಳೆ, ಹಾಳೆಯ ಮೇಲೆ ಗೋಡೆಯ ಎರಡೂ ಅಂಚಿಗೆ 4 ಇಂಚಿನ ಮರದ ಪಟ್ಟಿ, ನಡುವೆ ಜಲ್ಲಿ. ಮೊದಲ ಬೇಲ್ ಕೂರೋದು ಈ ಪಟ್ಟಿಗಳ ಮೇಲೆ. ಒಳಗೆ ನೀರಿನ ಬಕೆಟ್ ಉರುಳಿದರೂ ಬೇಲ್‌ನ ಬುಡ ನೆನೆಯಲ್ಲ. ಮೇಸ್ತ್ರಿಗೆ ಈ ಪಟ್ಟಿಗಳ ಉಪಾಯ ಬಹಳ ಹಿಡಿಸಿತು. ಹುಲ್ಲಿನ ಬಗ್ಗೆ ಅವರ ಅನುಮಾನ ಮಾತ್ರ ಹಾಗೇ ಇತ್ತು.

ಇಲ್ಲಿಗೆ ನನ್ನ ದೊಡ್ಡ ತಪ್ಪು. ಕಂಬ, ತೊಲೆ, ಜಂತೆ ಎಲ್ಲ ನಿಂತಿದ್ದವು. ಚೌಕಟ್ಟು ಪಕ್ಕಕ್ಕೆ ವಾಲದಂತೆ ಓರೆ ಪಟ್ಟಿ ಹೊಡೆದಿದ್ದೆ. ಶೀಟು ಹಾಕುವುದು ಬಾಕಿ. ಆಗ ರೈತರು ಕರೆ ಮಾಡಿ, ಜಾಗ ಖಾಲಿ ಬೇಕು, ಬೇಲ್‌ಗಳನ್ನು ಈಗಲೇ ಕಳಿಸಲಾ ಅಂದರು. ಬೇಡ ಅನ್ನಬೇಕಿತ್ತು. ಕಳಿಸಿ ಅಂದೆ. 150 ಬೇಲ್ ಬಂದಿಳಿದವು. ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಒಟ್ಟಿ, ಮೇಲೆ ಟಾರ್ಪಾಲು ಬಿಗಿದು ಕಟ್ಟಿದೆ. ಮೂರು ವಾರ ಹಾಗೇ ಇದ್ದವು. ಎರಡು ಸಲ ಮಳೆ ಬಂತು. ಮೇಲಿನಿಂದ ಒಂದು ಹನಿಯೂ ಇಳಿದಿರಲಿಲ್ಲ, ದಿನಾ ನೋಡುತ್ತಿದ್ದೆ.

ಹಾಳಾಗಿದ್ದು ಕೆಳಗಿನಿಂದ. ಅಂಚಿನಲ್ಲಿ ಬಸಿದ ನೀರು ಹಾಸಿದ್ದ ಪ್ಲಾಸ್ಟಿಕ್ ಮೇಲೆಯೇ ನಿಂತಿತ್ತು. ಹೋಗಲು ದಾರಿಯೇ ಇಲ್ಲ. ಶೀಟು ಹಾಕಿ ಮುಗಿಸಿ, ಖುಷಿಯಲ್ಲಿ ಬೇಲ್ ಎತ್ತತೊಡಗಿದೆವು. ಕೆಳಗಿನ ಸಾಲಿಗೆ ಬಂದಾಗ ವಾಸನೆ ಬಂತು. ಹಗ್ಗದ ಸಂದಿಯಲ್ಲಿ ಕೈ ತೂರಿಸಿದೆ. ಒಳಗೆ ಬೆಚ್ಚಗಿತ್ತು. ಸತ್ತ ಹುಲ್ಲು ಯಾಕೆ ಬೆಚ್ಚಗಿರಬೇಕು? ಕೊಳೆಯಲು ಶುರುವಾಗಿತ್ತು. ಉದ್ದ ಕಡ್ಡಿಯ ತೇವಮಾಪಕವನ್ನು ಎರವಲು ತಂದು ಚುಚ್ಚಿದೆ. ಮೇಲಿನವು ಶೇ 12ರಿಂದ 14. ಕೆಳಗಿನವು 30ರ ಮೇಲೆ. 15ರ ಒಳಗಿದ್ದರೆ ನಿಶ್ಚಿಂತೆ, 20 ದಾಟಿದರೆ ಗೋಡೆಗೆ ಹಾಕಬಾರದು. ಒಣಗಿಸಿ ಹಾಕೋಣ ಅಂತ ಮನಸ್ಸು ಹೇಳಿತು. ಆದರೆ ಅಷ್ಟು ಗಟ್ಟಿಯಾಗಿ ಒತ್ತಿದ ಬೇಲ್‌ನ ಒಳಗಿನ ತೇವ ಸುಲಭಕ್ಕೆ ಹೋಗಲ್ಲ, ಬೂಷ್ಟಿನ ಕಪ್ಪು ಚುಕ್ಕೆ ಹೇಗೂ ಬಂದಾಗಿತ್ತು. 26 ಬೇಲ್‌ಗಳನ್ನು ಬಿಚ್ಚಿ ಗಿಡಗಳ ಬುಡಕ್ಕೆ ಹೊದಿಸಿದೆ. ಗಿಡಗಳು ಚೆನ್ನಾಗಿ ಬಂದವು, ಅದು ಬೇರೆ ಮಾತು.

ಹತ್ತು ಪ್ಯಾಲೆಟ್ ಹಾಸಿ ಅದರ ಮೇಲೆ ಒಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಪ್ಯಾಲೆಟ್‌ಗಳು ಅಲ್ಲೇ ಪಕ್ಕದಲ್ಲೇ ಇದ್ದವು. ಕೊನೆಗೆ ರೈತರ ಕೊಟ್ಟಿಗೆಯಲ್ಲಿ ಹಿಂದಿನ ವರ್ಷದ 20 ಬೇಲ್ ಉಳಿದಿದ್ದವು. ಒಣಗಿದ್ದವು, ಆದರೆ 33 ಇಂಚಿನವು. ತಂದೆ.

ಗೋಡೆ ಏಳುವುದು ಮಾತ್ರ ಮಜಾ. ಒಂದು ಬೇಲ್ 18 ಕಿಲೋ ಆಸುಪಾಸು, ಒಬ್ಬರೇ ಎತ್ತಬಹುದು. ಇಬ್ಬರು ಮೂವರು ನೆಂಟರು ಬಂದರು. ಎರಡು ವಾರಾಂತ್ಯದಲ್ಲಿ ಏಳು ಸಾಲೂ ಎದ್ದವು. ಸಂದಿ ಮೇಲೆ ಸಂದಿ ಬರದ ಹಾಗೆ, ಇಟ್ಟಿಗೆ ತರಹವೇ. ಅರ್ಧ ಬೇಲ್ ಬೇಕಾದರೆ ಹಗ್ಗ ಕತ್ತರಿಸಿಬಿಟ್ಟೀರಿ, ಇಡೀ ಬೇಲ್ ಬಿಚ್ಚಿ ಹೋಗುತ್ತೆ. ಮೊದಲು ದೊಡ್ಡ ಸೂಜಿಯಿಂದ ನಡುವೆ ಹೊಸ ಹಗ್ಗ ತೂರಿಸಿ ಎರಡೂ ಅರ್ಧಕ್ಕೆ ಬೇರೆ ಬೇರೆ ಗಂಟು ಹಾಕಬೇಕು, ಆಮೇಲೆ ಹಳೇದನ್ನು ಕತ್ತರಿಸಬೇಕು. ಸೂಜಿ ಅಂದರೆ ಹಳೇ ಕಬ್ಬಿಣದ ಸರಳು. ತುದಿ ಬಡಿದು ಚಪ್ಪಟೆ ಮಾಡಿ ಎರಡು ತೂತು ಕೊರೆದೆ.

ಜಂತೆಗಳ ಅಡಿಗೆ ಹೊಡೆದ ಹಲಗೆಗೂ ಕೊನೇ ಸಾಲಿಗೂ ನಡುವೆ ಸಂದಿ ಉಳಿಯುತ್ತೆ. ಕಾರಿನ ಜಾಕ್ ಇಟ್ಟು ಗೋಡೆಯನ್ನು ಕೆಳಗೆ ಒತ್ತಿ, ಸಿಕ್ಕ ಜಾಗಕ್ಕೆ ಹುಲ್ಲನ್ನು ಪದರ ಪದರವಾಗಿ ತುರುಕಿದೆವು. ಜಾಕ್ ತೆಗೆದರೆ ಗೋಡೆ ಮೇಲೆದ್ದು ಬಿಗಿಯಾಗಿ ಕೂರುತ್ತೆ. ಆಮೇಲೆ ಒಳಗೊಂದು ಹೊರಗೊಂದು ಬಿದಿರಿನ ಗಳ ನಿಲ್ಲಿಸಿ, ಗೋಡೆಯ ಮೂಲಕ ಹಗ್ಗ ತೂರಿಸಿ ಎರಡನ್ನೂ ಸೇರಿಸಿ ಬಿಗಿದೆವು. ಕೈಯಿಂದ ದೂಡಿದರೆ ಮೊದಲು ಅಲ್ಲಾಡುತ್ತಿದ್ದ ಗೋಡೆ ಆಮೇಲೆ ಅಲ್ಲಾಡಲಿಲ್ಲ.

ಬೆಂಕಿ ಬಗ್ಗೆ ಎಲ್ಲರೂ ಕೇಳಿದರು. ಗಿಲಾವು ಆದ ಬೇಲ್ ಗೋಡೆಗೆ ಸುಲಭಕ್ಕೆ ಬೆಂಕಿ ಹಿಡಿಯಲ್ಲ. ಒತ್ತಿದ ಹುಲ್ಲಿನಲ್ಲಿ ಗಾಳಿ ಆಡುವುದಿಲ್ಲ. ಮುಚ್ಚಿದ ದಪ್ಪ ಪುಸ್ತಕ ಸುಡಲು ಎಷ್ಟು ಕಷ್ಟ ನೋಡಿ, ಹಾಗೆ. 2006ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಮಣ್ಣಿನ ಗಿಲಾವಿನ ಗೋಡೆ ಒಂದು ಗಂಟೆ ಬೆಂಕಿ ತಡೆದು ಪಾಸಾಗಿತ್ತು. ಅಲ್ಲಿನ ಮನೆ ಕಟ್ಟುವ ಮಾದರಿ ನಿಯಮದಲ್ಲಿ 2015ರಿಂದ ಬೇಲ್ ಗೋಡೆಗೇ ಒಂದು ಅನುಬಂಧ ಇದೆ. ಅನುಮತಿ ಕೇಳುವಾಗ ಆ ಕಾಗದ ಕೈಯಲ್ಲಿದ್ದದ್ದು ಉಪಯೋಗಕ್ಕೆ ಬಂತು. ನಿಜವಾದ ಅಪಾಯ ಇರೋದು ಕಟ್ಟುವಾಗ. ನೆಲದ ತುಂಬ ಬಿಡಿ ಹುಲ್ಲು, ಅದರ ನಡುವೆ ಯಾರೋ ಗ್ರೈಂಡರ್ ಹಿಡಿದು ಕಬ್ಬಿಣ ಕೊಯ್ಯುತ್ತಾರೆ! ನಾನು ಪ್ರತಿ ಸಂಜೆ ಗುಡಿಸುತ್ತಿದ್ದೆ. ಗ್ರೈಂಡರ್ ಕೆಲಸ ದೂರದಲ್ಲಿ. ಬಾಗಿಲಲ್ಲಿ ಎರಡು ಬಕೆಟ್ ನೀರು.

ಗೋಡೆ ಎದ್ದಾಗ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಕಾಲು ಭಾಗವೂ ಮುಗಿದಿರಲಿಲ್ಲ. ಒಳಗೆ ಹೊರಗೆ ಸೇರಿ ಸಾರಣೆ ಮಾಡಬೇಕಾದ ಗೋಡೆ 900 ಚದರಡಿ. ಒಂದೂವರೆ ಇಂಚು ದಪ್ಪ ಅಂದರೆ 110 ಘನ ಅಡಿ ದಾಟುತ್ತೆ, ಐದು ಟನ್‌ಗಿಂತ ಜಾಸ್ತಿ ಮಣ್ಣು. ಗೋಡೆಯೊಳಗಿನ ಹುಲ್ಲು ಇದರ ಅರ್ಧವೂ ತೂಗುವುದಿಲ್ಲ. ಇದು ಮಣ್ಣಿನ ಕಟ್ಟಡ, ಹೊಟ್ಟೆಯೊಳಗೆ ಹುಲ್ಲಿದೆ ಅಷ್ಟೇ.

ಸಿಮೆಂಟ್ ಗಿಲಾವು ಮಾಡಿ, ಒಂದೇ ಸಲಕ್ಕೆ ಮುಗಿಯುತ್ತೆ ಅಂತ ಹೇಳಿದವರು ಬಹಳ. ಸಿಮೆಂಟ್ ಒಂದಲ್ಲ ಒಂದು ದಿನ ಬಿರುಕು ಬಿಡುತ್ತೆ. ಬಿರುಕಿನಿಂದ ನೀರು ಒಳಗೆ ಹೋಗುತ್ತೆ, ಹೊರಗೆ ಬರಲು ಸಿಮೆಂಟ್ ಬಿಡಲ್ಲ. ಒಳಗೆ ಹುಲ್ಲು ಕೊಳೆಯುತ್ತೆ, ಗೊತ್ತೇ ಆಗಲ್ಲ. ಮಣ್ಣು ಮತ್ತು ಸುಣ್ಣ ತೇವವನ್ನು ಹೊರಗೆ ಬಿಡುತ್ತವೆ.

ಮಣ್ಣು ಪಾಯದ ಕಂದಕದಿಂದಲೇ ಬಂದಿತ್ತು, ಅದಕ್ಕೊಂದು ಬಾಟಲಿ ಪರೀಕ್ಷೆ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮಿಕ್ಕಿದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಕೂಡಲೇ ಕೂರುತ್ತೆ, ನುಣುಪು ಹೂಳು ನಿಧಾನಕ್ಕೆ, ಜೇಡಿ ಕೊನೆಗೆ ಮೇಲಿನ ಪದರವಾಗಿ. ನನ್ನ ಮಣ್ಣಿನಲ್ಲಿ ಜೇಡಿ ಜಾಸ್ತಿ ಇತ್ತು. ಗೋಡೆಯ ಮೇಲೆ ಮೂರು ಚೌಕ ಬಳಿದು ನೋಡಿದೆ. ಒಂದಕ್ಕೆ ಒಂದು ಮರಳು ಹಾಕಿದ್ದು ಒಣಗಿದ ಕೆರೆಯಂತೆ ಬಿರಿಯಿತು. ಒಂದಕ್ಕೆ ಎರಡು ಸ್ವಲ್ಪ ಬಿರಿಯಿತು. ಒಂದಕ್ಕೆ ಮೂರು, ಜೊತೆಗೆ ಕತ್ತರಿಸಿದ ಹುಲ್ಲು ಸೇರಿಸಿದ್ದು ನಿಂತಿತು. ಈ ಪರೀಕ್ಷೆಗೆ ಒಂದು ವಾರ ಹೋಗುತ್ತೆ. ಹೋಗಲಿ.

ಮೊದಲು ತೆಳು ಜೇಡಿ ನೀರನ್ನು ಹುಲ್ಲಿಗೆ ಉಜ್ಜಬೇಕು. ಇದಕ್ಕೆ ಕರಣೆ ಬೇಡ, ಬೆರಳೇ ಬೇಕು. ಹುಲ್ಲಿನ ತುದಿಗಳ ನಡುವೆ ತಿಕ್ಕಿ ತಿಕ್ಕಿ ಹಿಡಿಸಬೇಕು. ಅದು ಪೂರ್ತಿ ಒಣಗುವ ಮುಂಚೆ ದಪ್ಪ ಪದರ. ಈ ಹೊತ್ತಿಗೆ ನೆಂಟರು ಕಡಿಮೆಯಾಗಿದ್ದರು. ಮೇಸ್ತ್ರಿ ಮಾತ್ರ ಕರೆಯದೆಯೇ ಬಂದರು. ಅವರಿಗೆ ಪರಿಚಯದ ಕೆಲಸ ಇದು. ನಾನು ಬಳಿದ ಗೋಡೆ ನೋಡಿ, "ಬೆಣ್ಣೆ ಸವರಿದ ಹಾಗೆ ಸವರಬೇಡಿ, ಒತ್ತಿ" ಅಂದರು. ಆಮೇಲೆ ಕರಣೆ ಕಿತ್ತುಕೊಂಡು ತಾವೇ ಅರ್ಧ ಗೋಡೆ ಮುಗಿಸಿದರು.

ಮಳೆ ಬಡಿಯುವ ಎರಡು ಗೋಡೆಗಳಿಗೆ ಹೊರ ಪದರ ಸುಣ್ಣದ ಗಾರೆ. ಒಂದಕ್ಕೆ ಮೂರು ಮರಳು. ಕೆಳಗಿನ ಮಣ್ಣನ್ನು ಗೀರಿ ಒರಟು ಮಾಡಿದರೆ ಮಾತ್ರ ಹಿಡಿಯುತ್ತೆ. ಸುಣ್ಣ ಬೇಗ ಒಣಗಬಾರದು. ಒದ್ದೆ ಗೋಣಿಚೀಲ ನೇತುಹಾಕಿ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಒಂದು ಮಧ್ಯಾಹ್ನ ಸೆಖೆ ಅಂತ ಗವಸು ತೆಗೆದೆ, ಬೆರಳ ತುದಿಯ ಚರ್ಮ ಒಂದು ವಾರ ಸುಲಿಯುತ್ತಿತ್ತು. ಉಳಿದೆರಡು ಗೋಡೆಗಳಿಗೆ ಸುಮ್ನೆ ಸುಣ್ಣ ಬಳಿದೆ.

ನೆಲಕ್ಕೆ ಮರಳು ಹಾಸಿ ಹಳೇ ಇಟ್ಟಿಗೆ ಜೋಡಿಸಿದೆ, ಅದರಲ್ಲಿ ಹೇಳುವಂಥದ್ದೇನಿಲ್ಲ. ವೈರಿಂಗ್ ಪೂರ್ತಿ ಪೈಪಿನೊಳಗೆ, ಕಂಬಗಳ ಮೇಲೆ, ಬಲ್ಲವರ ಕೈಯಿಂದ. ಗಿಲಾವು ಮುಗಿಯುವವರೆಗೆ ಒಂದು ಇಲಿ ಸಂಸಾರ ಗೋಡೆಯಲ್ಲಿತ್ತು. ಸಂದಿಗಳೆಲ್ಲ ಮುಚ್ಚಿದ ಮೇಲೆ ಕಾಣಲಿಲ್ಲ.

ಇಷ್ಟಾಗಿ ಖರ್ಚಿನ ಲೆಕ್ಕ ನೋಡಿದರೆ, ಅರ್ಧದಷ್ಟು ಮಾಡಿಗೇ ಹೋಗಿದೆ, ಹಳೇ ಶೀಟು ಹಾಕಿಯೂ. ಎರಡನೇ ಸ್ಥಾನ ಸಾಗಾಟಕ್ಕೆ. ಬಿಟ್ಟಿ ಸಿಕ್ಕ ಸಾಮಾನು ತಾನಾಗಿ ನಡೆದು ಬರುವುದಿಲ್ಲ. ಮತ್ತೊಮ್ಮೆ ಕಟ್ಟಿದರೆ ಮೊದಲು ಒಂದು ಗಾಡಿ ಗೊತ್ತು ಮಾಡಿಕೊಳ್ಳುತ್ತೇನೆ. ಸಾಮಾನು ಇಡಲು ಸೂರಿರುವ ಜಾಗವನ್ನೂ.

ಗರಗಸ ಓಡಿಸಿ ಹೊರಗೆ ಬಂದು ಕೇಳಿದೆ. ಬಾಗಿಲು ಹಾಕಿದ್ದರೆ ಹತ್ತು ಹೆಜ್ಜೆ ದೂರದಲ್ಲಿ ಸಣ್ಣ ಗುಂಯ್ ಅನ್ನುವ ಸದ್ದು, ಅಷ್ಟೇ. ಉಳಿಗಳು ಹೊಳೆಯುತ್ತಿವೆ.

ಬೇಲ್ ಜೋಡಿಸುವಾಗ ಗೋಡೆಯೊಳಗೆ ಎಂಟು ಕಡೆ ಮರದ ಬಿಲ್ಲೆ ಹುದುಗಿಸಿ, ಅದಕ್ಕೆ ಎರಡು ವೈರ್ ಕಟ್ಟಿ ತುದಿಯನ್ನು ಕೋಣೆಯ ಕಡೆಗೆ ಬಿಟ್ಟಿದ್ದೆ. ತೇವಮಾಪಕವನ್ನು ಆ ತುದಿಗಳಿಗೆ ಹಿಡಿದರೆ ಗೋಡೆಯ ಹೊಟ್ಟೆಯೊಳಗಿನ ತೇವದ ಅಂದಾಜು ಸಿಗುತ್ತೆ. ಏಳು ಕಡೆ 13, 14 ಇದೆ. ಉತ್ತರದ ಕಿಟಕಿಯ ಕೆಳಗೆ ಮಾತ್ರ ಹೋದ ತಿಂಗಳು 17 ಇತ್ತು. ಅದು ಗಾಜು ಒಡೆದಿತ್ತಲ್ಲ, ಅದೇ ಕಿಟಕಿ. ಕೆಳಪಟ್ಟಿಯ ಅಡಿಯಲ್ಲಿ ನೀರು ತೊಟ್ಟಿಕ್ಕಲು ಗೀರು ಕೊರೆಯುವುದನ್ನು ಮರೆತಿದ್ದೆ. ನೀರು ಪಟ್ಟಿಯ ಅಡಿಗೇ ಅಂಟಿಕೊಂಡು ಗೋಡೆಗೆ ಹರಿಯುತ್ತಿತ್ತು. ಮೊನ್ನೆ ಗೀರು ಕೊರೆದು, ಸಂದಿ ಮುಚ್ಚಿದ್ದೇನೆ. ಇವತ್ತು ಬೆಳಗ್ಗೆ 16.